ಉಣ್ಣಲೊಲ್ಲದ ಮಗು

ರಾತ್ರಿ ಎಂಟು ಗಂಟೆಯ ಹೊತ್ತಿಗೆ ನಮ್ಮ ಬೀದಿಯಲ್ಲಿ ನಡೆದುಹೋದರೆ ಮನೆ ಮನೆಯಿಂದಲೂ ಒಂದೇ ಬಗೆಯ ಮಾತು ಕೇಳಿಬರುತ್ತದೆ. "ಇದೊಂದೇ ತುತ್ತು, ನನ್ನ ಚಿನ್ನ ಅಲ್ವಾ?" "ಬಾಯಿ ತೆಗಿ, ಇಲ್ಲದಿದ್ರೆ ಗುಮ್ಮ ಬರ್ತಾನೆ." "ನುಂಗು, ಮೊದಲು ನುಂಗು." ಒಂದು ಮನೆಯಲ್ಲಿ ಬೇಡಿಕೆ, ಇನ್ನೊಂದರಲ್ಲಿ ಬೆದರಿಕೆ, ಮತ್ತೊಂದರಲ್ಲಿ ಚಾಕಲೇಟಿನ ಲಂಚ. ಹಿಂದಿನವರು ಮಗುವನ್ನು ಸೊಂಟಕ್ಕೇರಿಸಿಕೊಂಡು ಅಂಗಳಕ್ಕೆ ಬಂದು ಚಂದ್ರನನ್ನು ತೋರಿಸುತ್ತಿದ್ದರು. ಈಗ ಅಂಗಳವಿಲ್ಲ, ಚಂದ್ರನ ಕೆಲಸವನ್ನು ಮೊಬೈಲು ವಹಿಸಿಕೊಂಡಿದೆ. ಅದರಲ್ಲಿ ಕುಣಿಯುವ ಗೊಂಬೆಗಳನ್ನು ಮಗು ನೋಡುತ್ತಿರುವಾಗ ತೆರೆದ ಬಾಯಿಗೆ ಅನ್ನವನ್ನು ತುರುಕುವುದು ಈಗಿನ ತಂದೆತಾಯಿಗಳ ನಿತ್ಯವಿದ್ಯೆ.

ಈ ವಿದ್ಯೆಯಲ್ಲಿ ನಾನೂ ಪಳಗಿದವನೇ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಅನ್ನ ಮೊಸರು, ಬಾಳೆಹಣ್ಣು, ಬಿಸ್ಕತ್ತು, ಈ ಮೂರರ ಆಚೆಗೆ ಅವಳ ಪ್ರಪಂಚ ಬೆಳೆಯಲೊಲ್ಲದು. ಒಂದು ರಾತ್ರಿ, ಮನೆಯಾಕೆ ಕಚೇರಿಯಿಂದ ಇನ್ನೂ ಬಂದಿರಲಿಲ್ಲ, ನಾನು ಹುಳಿಯನ್ನ ಕಲಸಿಕೊಂಡು ಮುಕ್ಕಾಲು ಗಂಟೆ ಅವಳ ಹಿಂದೆ ಓಡಾಡಿದೆ. ಕೊನೆಗೆ ತಾಳ್ಮೆ ತಪ್ಪಿ ತುತ್ತನ್ನು ಬಾಯಿಗೆ ಒತ್ತಿದೆ. ಅವಳು ವಾಂತಿ ಮಾಡಿಕೊಂಡಳು. ನಾನು ಕೈ ಎತ್ತಿದೆ. ಹೊಡೆಯಲಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ದೊಡ್ಡತನವೇನೂ ಇಲ್ಲ. ಮಗು ಅಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅನ್ನ ಮೆತ್ತಿದ್ದ ನನ್ನ ಕೈಯನ್ನೇ ನೋಡುತ್ತಿದ್ದಳು. ಮಾರನೆಯ ದಿನ ನಾನು ತಟ್ಟೆ ಹಿಡಿದು ಕೂತೊಡನೆ ತುಟಿಗಳನ್ನು ಬಿಗಿದುಕೊಂಡಳು. ಉಣಿಸುವ ಕೈ ಮಗುವಿಗೆ ಭಯದ ವಸ್ತುವಾಗಿತ್ತು.

ಸಾಹಿತ್ಯದ ಮೇಷ್ಟರಿಗೆ ಮನೆಯಲ್ಲಿ ಸೋಲಾದರೆ ಇರುವ ದಾರಿ ಒಂದೇ, ಪುಸ್ತಕ ತೆರೆಯುವುದು. ಈ ಜಗಳ ಎಂದಿನಿಂದ ನಡೆಯುತ್ತಿದೆ? ನನಗಿಂತ ಮೊದಲು ಹೀಗೆ ತಟ್ಟೆ ಹಿಡಿದು ನಿಂತವರು ಏನು ಮಾಡಿದರು? ಈ ಕುತೂಹಲದಿಂದ ನಾನು ಓದಿ ತಿಳಿದ ಕೆಲವು ಸಂಗತಿಗಳನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ನಮ್ಮವರು ಅಡುಗೆಯನ್ನು ಶಾಸ್ತ್ರವೆಂದೇ ಎಣಿಸಿದವರು. 1025ರ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಬಾವಿ ತೋಡುವ ವಿಷಯ, ಮರಗಿಡಗಳ ವಿಷಯಗಳ ಜೊತೆಯಲ್ಲಿ ಪಾಕದ ವಿಷಯವೂ ಉಂಟು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವನ್ನು ರಾಜನ ಭೋಗಗಳಲ್ಲಿ ಒಂದಾಗಿ ವಿವರಿಸಿದ. 16ನೆಯ ಶತಮಾನದ ಮೊದಲಲ್ಲಿ ಮಂಗರಸನು 'ಸೂಪಶಾಸ್ತ್ರ'ವೆಂದು ಷಟ್ಪದಿಯಲ್ಲಿಯೇ ಅಡುಗೆಯ ಪುಸ್ತಕ ಬರೆದ. ಆದರೆ ಇವೆಲ್ಲ ಉಣ್ಣಬೇಕೆಂದು ಹಾತೊರೆಯುವ ನಾಲಗೆಗಳಿಗಾಗಿ ಬರೆದವು. ಉಣ್ಣಲೊಲ್ಲೆನೆಂದು ಮುಖ ತಿರುಗಿಸುವ ಪುಟ್ಟ ನಾಲಗೆ ಬೇರೆ ಕಡೆ ಕಾಣಿಸಿಕೊಳ್ಳುತ್ತದೆ: ಹಾಡಿನಲ್ಲಿ, ಕಥೆಯಲ್ಲಿ, ಸಂಸ್ಕಾರಗಳಲ್ಲಿ. ದಾಸರ ಹಾಡುಗಳ ಕೃಷ್ಣ ಬೆಣ್ಣೆಯನ್ನು ಕದ್ದು ತಿನ್ನುವವನು. ಕರೆದು ಕೊಟ್ಟದ್ದಕ್ಕಿಂತ ತಾನೇ ಕೈಹಾಕಿ ತೆಗೆದುಕೊಂಡದ್ದು ಮಗುವಿಗೆ ರುಚಿ ಎಂಬ ಮರ್ಮ ಗೋಕುಲದ ಕಥೆ ಕಟ್ಟಿದವರಿಗೆ ಗೊತ್ತಿತ್ತೆಂದು ತೋರುತ್ತದೆ.

ಅನ್ನಪ್ರಾಶನವನ್ನೇ ನೋಡಿ. ಕೂಸು ಮೊದಲ ಬಾರಿಗೆ ಅನ್ನ ಉಣ್ಣುವ ದಿನವನ್ನು ನಮ್ಮವರು ಹಬ್ಬ ಮಾಡಿದರು. ಬಂಧುಗಳು ಸುತ್ತ ಕೂರುತ್ತಾರೆ, ಪಾಯಸದ ಒಂದು ಚೂರು ನಾಲಗೆಗೆ ತಾಕುತ್ತದೆ, ಕೂಸು ಮುಖ ಕಿವಿಚುತ್ತದೆ, ಎಲ್ಲರೂ ನಗುತ್ತಾರೆ. ಆ ದಿನ ಕೂಸು ಎಷ್ಟು ಉಂಡಿತೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಹೊಸ ರುಚಿಗೆ ಮುಖ ಕಿವಿಚುವುದು ಅಪರಾಧವಲ್ಲ, ಸ್ವಾಭಾವಿಕ ಎಂಬುದನ್ನು ಇಡೀ ಬಳಗವೇ ಒಪ್ಪಿಕೊಂಡ ಗಳಿಗೆ ಅದು. ಆ ನಗು ನಾಲ್ಕು ವರ್ಷದೊಳಗೆ ಎಲ್ಲಿ ಮಾಯವಾಗುತ್ತದೆಯೊ!

ಇಲ್ಲಿಗೆ ನಿಲ್ಲಿಸಿ "ಹಿಂದಿನ ಕಾಲವೇ ಚೆನ್ನಾಗಿತ್ತು, ಆಗ ಮಕ್ಕಳು ಹಾಕಿದ್ದನ್ನು ಉಣ್ಣುತ್ತಿದ್ದುವು" ಎಂದುಬಿಡುವುದು ಸುಲಭ. ನಮ್ಮ ತಾಯಿಯೂ ಹಾಗೆಯೇ ಹೇಳಿದರು. ಆದರೆ ಹಾಕಿದ್ದನ್ನು ಉಣ್ಣುತ್ತಿದ್ದುದು ಏಕೆ ಎಂದು ಕೇಳಿದರೆ ಉತ್ತರ ಅಷ್ಟು ಹಿತವಾಗಿಲ್ಲ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಸುಟ್ಟ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಗಂಜಿಕೇಂದ್ರಗಳ ಮುಂದೆ ನಿಂತ ಮಕ್ಕಳು ಇದು ಬೇಕು, ಅದು ಬೇಡ ಎಂದಿರಲಾರವು. ಬರವಿಲ್ಲದ ವರ್ಷಗಳಲ್ಲಿಯೂ ಎಷ್ಟೋ ಮನೆಗಳಲ್ಲಿ ಮಡಕೆಯ ತಳ ಕಾಣುವ ಮೊದಲು ಉಂಡವನೇ ಜಾಣ. ಮಗುವಿನ ಹಠಕ್ಕೆ ಅವಕಾಶವಾಗಬೇಕಾದರೆ ಮನೆಯಲ್ಲಿ ಎರಡನೆಯ ತುತ್ತೂ ಇರಬೇಕಷ್ಟೆ.

ನಮ್ಮ ತಾತನವರ ಕಥೆ ಇದಕ್ಕೆ ನಿದರ್ಶನ. ಅವರು ಪಟ್ಟಣದಲ್ಲಿ ಓದಿದ್ದು ವಾರಾನ್ನದಿಂದ. ವಾರಾನ್ನ ಎಂದರೆ ಏನೆಂದು ಈಗಿನ ಹುಡುಗರಿಗೆ ವಿವರಿಸಬೇಕಾಗುತ್ತದೆ. ಬಡ ವಿದ್ಯಾರ್ಥಿಗೆ ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ, ಹೀಗೆ ಏಳು ದಿನಕ್ಕೆ ಏಳು ಮನೆ. ಕನ್ನಡನಾಡಿನ ಒಂದೆರಡು ತಲೆಮಾರಿನ ವಿದ್ಯಾವಂತರಲ್ಲಿ ಹಲವರು ಹೀಗೆ ಓದಿ ಬಂದವರು. (ಅದೂ ಬಹುಮಟ್ಟಿಗೆ ತಮ್ಮ ತಮ್ಮ ಜಾತಿಯ ಮನೆಗಳಲ್ಲಿ, ಹಾಗೆ ಕರೆದು ಬಡಿಸುವ ಮನೆಗಳೇ ಇಲ್ಲದ ಹುಡುಗರ ಪಾಡು ಬೇರೆ.) ತಾತನವರ ಗುರುವಾರದ ಮನೆಯಲ್ಲಿ ತಪ್ಪದೆ ಕುಂಬಳಕಾಯಿ ಹುಳಿ. ಆರು ವರ್ಷ ಪ್ರತಿ ಗುರುವಾರವೂ ಅವರು ಅದನ್ನು ಉಂಡರು; ಎಲೆಯಲ್ಲಿ ಒಂದು ಹೋಳನ್ನೂ ಬಿಡಲಿಲ್ಲ. "ಹುಡುಗನಿಗೆ ಕುಂಬಳಕಾಯಿ ಎಂದರೆ ಪ್ರಾಣ" ಎಂದು ಆ ಮನೆಯಾಕೆ ಇನ್ನೊಂದು ಸೌಟು ಹೆಚ್ಚಾಗಿಯೇ ಬಡಿಸುತ್ತಿದ್ದರಂತೆ. ಮುಂದೆ ತಾತನವರಿಗೆ ಕೆಲಸವಾಯಿತು, ಮದುವೆಯಾಯಿತು. ಸಂಸಾರ ಹೂಡಿದ ಮೊದಲ ವಾರದಲ್ಲಿಯೇ ಅವರು ಅಜ್ಜಿಗೆ ಹೇಳಿದ ಮಾತು: "ನೋಡು, ನೀನು ಏನು ಮಾಡಿದರೂ ಉಣ್ಣುತ್ತೇನೆ, ಕುಂಬಳಕಾಯಿ ಮಾತ್ರ ಬೇಡ." ಸಾಯುವವರೆಗೂ ಅವರು ಅದನ್ನು ಮುಟ್ಟಲಿಲ್ಲ.

ಈ ಕಥೆಯನ್ನು ನಮ್ಮ ಮನೆಯಲ್ಲಿ ನಗುತ್ತ ಹೇಳುವುದು ವಾಡಿಕೆ. ಆದರೆ ಯೋಚಿಸಿದರೆ ಇದರಲ್ಲಿ ಒಂದು ಪಾಠವಿದೆ. ಆರು ವರ್ಷ, ವಾರಕ್ಕೊಂದು ಸಲ, ಹಸಿವು ಮತ್ತು ದಾಕ್ಷಿಣ್ಯ ಎರಡೂ ಕೂಡಿ ಉಣಿಸಿದರೂ ಆ ಹುಡುಗನಿಗೆ ಕುಂಬಳಕಾಯಿ ರುಚಿಸಲಿಲ್ಲ; ಬದಲು, ಜನ್ಮಕ್ಕಾಗುವಷ್ಟು ಬೇಸರ ಹುಟ್ಟಿತು. ಉಣ್ಣಿಸುವುದು ಬೇರೆ, ಉಣ್ಣಲು ಕಲಿಸುವುದು ಬೇರೆ.

ಈ ಎರಡನ್ನೂ ಒಂದೇ ಎಂದು ಭ್ರಮಿಸಿದವರು ನಾವೊಬ್ಬರೇ ಅಲ್ಲ. ಪಡುವಣ ದೇಶಗಳಲ್ಲಿ ಅದು ವೈದ್ಯಶಾಸ್ತ್ರದ ವೇಷವನ್ನೇ ತೊಟ್ಟು ಬಂದಿತು. 1894ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಎಮ್ಮೆಟ್ ಹೋಲ್ಟ್ ಮಕ್ಕಳ ಪಾಲನೆ ಮತ್ತು ಆಹಾರವನ್ನು ಕುರಿತು ಒಂದು ಕೈಪಿಡಿ ಪ್ರಕಟಿಸಿದ. ದಾದಿಯರ ತರಬೇತಿಗಾಗಿ ಪ್ರಶ್ನೋತ್ತರ ರೂಪದಲ್ಲಿ ಬರೆದ ಆ ಪುಸ್ತಕ ಮನೆಮನೆಗೂ ಹೊಕ್ಕು, ಮುದ್ರಣದ ಮೇಲೆ ಮುದ್ರಣ ಕಂಡಿತು. ಯಾವ ವಯಸ್ಸಿಗೆ ಯಾವ ಆಹಾರ, ಎಷ್ಟು ಅಳತೆ, ಯಾವ ಗಂಟೆಗೆ, ಎಲ್ಲವೂ ಅದರಲ್ಲಿ ನಿಗದಿ. ಆ ಕಾಲದಲ್ಲಿ ಕೆಟ್ಟ ಹಾಲು, ಕೆಟ್ಟ ನೀರುಗಳಿಂದ ಕೂಸುಗಳು ಸಾಯುತ್ತಿದ್ದುವು. ಶುಚಿ ಮತ್ತು ಅಳತೆಯನ್ನು ಕಲಿಸಿದ ಆ ವೈದ್ಯರ ಉಪಕಾರವನ್ನು ಮರೆಯಲಾಗದು. ಆದರೆ ತಾಯಂದಿರ ಕೈಗೆ ಪಟ್ಟಿ ಬಂದಿತು, ಗಡಿಯಾರ ಬಂದಿತು, ತಕ್ಕಡಿ ಬಂದಿತು. ಮಗುವಿನ ಹಸಿವೆಯನ್ನು ಮಾತ್ರ ಕೇಳುವವರಿಲ್ಲವಾದರು. ಪಟ್ಟಿಯಲ್ಲಿದ್ದುದನ್ನು ಮಗು ಉಣ್ಣದಿದ್ದರೆ ತಾಯಿ ಕೆಟ್ಟವಳೆಂದೊ ಮಗು ಕೆಟ್ಟದ್ದೆಂದೊ ತೀರ್ಮಾನ.

ಕೆನಡಾದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯ ಪ್ರಸಿದ್ಧ ವೈದ್ಯ ಅಲನ್ ಬ್ರೌನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹೇಳಿದ ಆಹಾರವನ್ನು ಉಣ್ಣದ ಮಗುವನ್ನು ಒಪ್ಪುವವರೆಗೆ ಉಪವಾಸ ಕೆಡವಿ ಎಂಬುದು 1926ರಲ್ಲಿ ಹೊರಬಂದ ಆತನ ಪುಸ್ತಕದ ಉಪದೇಶ. ನಮ್ಮ ತಾತನವರ ಗುರುವಾರದ ಹಸಿವೆಯನ್ನೇ ಆತ ಔಷಧವಾಗಿ ಬರೆದುಕೊಟ್ಟ ಎನ್ನಬಹುದು.

ವಿಧಿಯ ವಿನೋದವೆಂದರೆ, ಅದೇ 1926ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಒಂದು ಆಸ್ಪತ್ರೆಯಲ್ಲಿ ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ ಇದಕ್ಕೆ ತೀರ ವಿರುದ್ಧವಾದ ಪ್ರಯೋಗವೊಂದನ್ನು ಹೂಡಿದಳು. ಆಗತಾನೆ ಎದೆಹಾಲು ಬಿಟ್ಟ, ಬೇರೆ ಆಹಾರದ ರುಚಿಯನ್ನೇ ಕಾಣದ ಕೂಸುಗಳ ಮುಂದೆ ಬಗೆಬಗೆಯ ಆಹಾರಗಳನ್ನು ಇಟ್ಟು, ಅವು ತಾವಾಗಿ ಏನು ಆರಿಸಿಕೊಳ್ಳುತ್ತವೆ ಎಂದು ನೋಡಬೇಕೆಂಬುದು ಅವಳ ಸಂಕಲ್ಪ. ಮೊದಲು ಮೂರು ಕೂಸುಗಳು. 1928ರಲ್ಲಿ ಅವುಗಳ ವೃತ್ತಾಂತ ಪ್ರಕಟವಾಯಿತು. ಮುಂದೆ ಶಿಕಾಗೊ ನಗರದಲ್ಲಿ ಇನ್ನೂ ಕೆಲವು ಸೇರಿ ಒಟ್ಟು 15 ಮಕ್ಕಳು. ಸಾಕಲಾರದ ಬಡ ತಾಯಂದಿರು ಒಪ್ಪಿಸಿಹೋದ ಕೂಸುಗಳು ಅವು. ಕೆಲವು ಪ್ರಯೋಗದಲ್ಲಿ ಆರು ತಿಂಗಳಿದ್ದರೆ ಕೆಲವು ನಾಲ್ಕು ವರ್ಷ ದಾಟುವವರೆಗೂ ಇದ್ದುವು.

ಅಲ್ಲಿಯ ಊಟದ ಕ್ರಮ ಹೀಗಿತ್ತು. ಹೊತ್ತುಹೊತ್ತಿಗೆ ಮಗುವಿನ ಮುಂದೆ ಒಂದು ತಟ್ಟೆ ಬರುತ್ತಿತ್ತು. ಅದರಲ್ಲಿ ಹತ್ತು ಹನ್ನೆರಡು ಪುಟ್ಟ ಬಟ್ಟಲುಗಳು. ಪಟ್ಟಿಯಲ್ಲಿದ್ದುದು ಒಟ್ಟು 34 ಆಹಾರಗಳು: ಹಾಲು, ಹುಳಿ ಮಾಡಿದ ಹಾಲು, ಸೇಬು, ಬಾಳೆಹಣ್ಣು, ಕಿತ್ತಳೆಯ ರಸ, ಕ್ಯಾರೆಟ್ಟು, ಬೀಟ್‌ರೂಟು, ಬಟಾಣಿ, ಎಲೆಕೋಸು, ಆಲೂಗಡ್ಡೆ, ಗೋಧಿ, ಬಾರ್ಲಿ, ಮೊಟ್ಟೆ, ಮೀನು, ಮಾಂಸ, ಮೂಳೆಯ ಮಜ್ಜೆ. ಉಪ್ಪು ಕೂಡ ಬೇರೆ ಬಟ್ಟಲಿನಲ್ಲಿ. ಪಕ್ಕದಲ್ಲಿ ದಾದಿ ಚಮಚ ಹಿಡಿದು ಕೂತಿರುತ್ತಾಳೆ. ಆದರೆ ತಾನಾಗಿ ಏನನ್ನೂ ಕೊಡಕೂಡದು, "ಇದನ್ನು ತಿನ್ನು" ಎಂದು ಸೂಚಿಸಲೂ ಕೂಡದು. ಮಗು ಒಂದು ಬಟ್ಟಲಿನತ್ತ ಕೈ ಚಾಚಿದರೆ ಮಾತ್ರ ಅದರಿಂದ ಒಂದು ಚಮಚ ಎತ್ತಿ, ಮಗು ಬಾಯಿ ತೆರೆದರೆ ಇಡಬಹುದು. ಉಂಡದ್ದಕ್ಕೆ ಹೊಗಳಿಕೆಯಿಲ್ಲ, ಬಿಟ್ಟದ್ದಕ್ಕೆ ಬೈಗುಳಿಲ್ಲ. ಮಗು ಕೈಯಿಂದಲಾದರೂ ಉಣ್ಣಲಿ, ಚೆಲ್ಲಾಡಲಿ, ಶಿಷ್ಟಾಚಾರದ ಮಾತೇ ಇಲ್ಲ. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಅದು ಉಣ್ಣುವುದನ್ನು ನಿಲ್ಲಿಸಿದೊಡನೆ ತಟ್ಟೆ ಒಳಗೆ ಹೋಗುತ್ತಿತ್ತು.

ಮೊದಮೊದಲು ಕೂಸುಗಳು ಎಲ್ಲವನ್ನೂ ಬಾಯಿಗೆ ಹಾಕಿದುವು. ಬಟ್ಟಲನ್ನು ಕೂಡ ಕಚ್ಚಿದುವು. ಬೇಡವಾದದ್ದನ್ನು ಉಗುಳಿದುವು. ಕೆಲವೇ ದಿನಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ರುಚಿಯ ದಾರಿ ಕಂಡಿತು. ಒಂದರ ಊಟ ಇನ್ನೊಂದರ ಊಟದಂತಿರಲಿಲ್ಲ. ಬೆಳಗಿನ ಹೊತ್ತು ಲೋಟಗಟ್ಟಲೆ ಕಿತ್ತಳೆಯ ರಸ ಮತ್ತು ಯಕೃತ್ತು, ಸಂಜೆ ಹಲವು ಮೊಟ್ಟೆ, ಬಾಳೆಹಣ್ಣು ಮತ್ತು ಹಾಲು, ಹೀಗೆ ಯಾವ ಡಾಕ್ಟರೂ ಬರೆದುಕೊಡದ ಊಟಗಳು. ಕೆಲವು ದಿನ ಒಂದೇ ಆಹಾರದ ಹುಚ್ಚು, ಆಮೇಲೆ ಅದರ ಮೇಲೆ ವೈರಾಗ್ಯ. ಹೀಗಿದ್ದೂ ತಿಂಗಳುಗಳ ಲೆಕ್ಕ ಹಾಕಿದಾಗ ಪೋಷಣೆಯಲ್ಲಿ ಕೊರತೆಯಾಗಿರಲಿಲ್ಲ. ಮಕ್ಕಳು ಚೆನ್ನಾಗಿ ಬೆಳೆದುವು. ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗದಿಂದ ಬಳಲುತ್ತ ಬಂದ ಒಂದು ಕೂಸಿನ ತಟ್ಟೆಯಲ್ಲಿ ಮೀನೆಣ್ಣೆಯ ಬಟ್ಟಲನ್ನೂ ಇಟ್ಟಿದ್ದರು. ರೋಗ ವಾಸಿಯಾಗುವವರೆಗೆ ಅದು ತಾನಾಗಿಯೇ ಆ ಎಣ್ಣೆಯನ್ನು ಕುಡಿಯಿತು. ವಾಸಿಯಾದ ಮೇಲೆ ಮುಟ್ಟಲಿಲ್ಲ.

ಈ ಕೊನೆಯ ಸಂಗತಿ ಎಷ್ಟು ಸೊಗಸಾಗಿದೆಯೆಂದರೆ ಅದೇ ಅದರ ಅಪಾಯ. ಜನ ಪ್ರಯೋಗವನ್ನು ಮರೆತು ಪವಾಡವನ್ನು ನೆನಪಿಟ್ಟುಕೊಂಡರು. "ಮಗುವಿಗೆ ತನಗೆ ಬೇಕಾದ್ದು ಗೊತ್ತು, ಕೇಳಿದ್ದನ್ನೆಲ್ಲ ಕೊಡಿ" ಎಂಬ ಮಾತು ಹಬ್ಬಿತು. ಆದರೆ ಡೇವಿಸ್ ತಾನೇ 1939ರಲ್ಲಿ ಒಟ್ಟು ಫಲಿತಾಂಶವನ್ನು ಪ್ರಕಟಿಸುವಾಗ ಗುಟ್ಟನ್ನು ಬಿಟ್ಟುಕೊಟ್ಟಿದ್ದಳು: ಎಲ್ಲ ಚಮತ್ಕಾರವೂ ಆಹಾರದ ಪಟ್ಟಿಯಲ್ಲಿತ್ತು. ಆ ತಟ್ಟೆಯಲ್ಲಿ ಸಕ್ಕರೆಯಿರಲಿಲ್ಲ, ಮಿಠಾಯಿಯಿರಲಿಲ್ಲ, ಡಬ್ಬಿಯ ತಿಂಡಿಯಿರಲಿಲ್ಲ. ಎತ್ತ ಕೈ ಚಾಚಿದರೂ ಮಗುವಿಗೆ ಸಿಗುತ್ತಿದ್ದುದು ಒಳ್ಳೆಯ ಆಹಾರವೇ. ಆರಿಸಿಕೊಂಡದ್ದು ಮಗು, ಆರಿಸಲು ಏನಿರಬೇಕೆಂದು ಗೊತ್ತು ಮಾಡಿದ್ದು ಹಿರಿಯರು. ಸಕ್ಕರೆ, ಮೈದಾ ಮೊದಲಾದುವನ್ನೂ ತಟ್ಟೆಯಲ್ಲಿಟ್ಟರೆ ಏನಾಗುತ್ತದೆಂದು ನೋಡಬೇಕೆಂಬ ಆಸೆ ಅವಳಿಗಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು ತಲೆದೋರಿ ಹಣವಿಲ್ಲದಾಯಿತು. ಅವಳು ನಿಲ್ಲಿಸಿದ ಆ ಎರಡನೆಯ ಪ್ರಯೋಗವನ್ನು ಈಗ ನಾವೆಲ್ಲರೂ ನಮ್ಮ ನಮ್ಮ ಮನೆಗಳಲ್ಲಿ ನಡೆಸುತ್ತಿದ್ದೇವೆ. ಬಣ್ಣಬಣ್ಣದ ಪೊಟ್ಟಣಗಳ ಮಧ್ಯೆ ಒಂದು ಹೋಳು ಹೀರೇಕಾಯಿಯನ್ನು ಇಟ್ಟು, ಮಗು ಅದನ್ನು ಆರಿಸಲಿಲ್ಲವೆಂದು ಕೊರಗುತ್ತಿದ್ದೇವೆ.

ಡೇವಿಸಳ ಪ್ರಯೋಗ ನಿರ್ದೋಷವಾದುದೇನೂ ಅಲ್ಲ. ತಾಯಿಯ ಮಡಿಲಿಲ್ಲದ ಮಕ್ಕಳನ್ನು ವರ್ಷಗಟ್ಟಲೆ ಆಸ್ಪತ್ರೆಯಲ್ಲಿಟ್ಟು ಪರೀಕ್ಷಿಸುವುದನ್ನು ಈಗ ಯಾರೂ ಒಪ್ಪಲಾರರು. ಆದರೂ ಅದರ ಫಲ ವ್ಯರ್ಥವಾಗಲಿಲ್ಲ. 1946ರಲ್ಲಿ ಬೆಂಜಮಿನ್ ಸ್ಪಾಕ್ ಬರೆದು ಲೋಕವಿಖ್ಯಾತವಾದ ಶಿಶುಪಾಲನೆಯ ಪುಸ್ತಕದಲ್ಲಿ ಈ ಪ್ರಯೋಗಕ್ಕೆ ಗೌರವದ ಸ್ಥಾನ ದೊರೆಯಿತು. ಉಪವಾಸ ಕೆಡಹುವ ವೈದ್ಯದ ಕಾಲ ಮೆಲ್ಲನೆ ಮುಗಿಯುತ್ತ ಬಂದಿತು.

ಆದರೆ ಆ ಆಸ್ಪತ್ರೆಯ ಊಟದಲ್ಲಿ ಒಂದು ವಸ್ತುವಿನ ಕೊರತೆ ಇದ್ದಿತು. ಮಗುವಿನ ಎದುರಿಗೆ ಕೂತ ದಾದಿ ತಾನು ಉಣ್ಣುತ್ತಿರಲಿಲ್ಲ. ನಮ್ಮ ಮನೆಗಳಲ್ಲಿಯೂ ಹಾಗೆಯೇ ಅಲ್ಲವೆ? ಮಗುವಿಗೆ ಮೊದಲು ಉಣ್ಣಿಸಿ ಮುಗಿಸಿದರೆ ಆಮೇಲೆ ನಾವು ನೆಮ್ಮದಿಯಾಗಿ ಉಣ್ಣಬಹುದೆಂದು ನಮ್ಮ ಲೆಕ್ಕಾಚಾರ. ಹೀಗಾಗಿ ಮಗು ಉಣ್ಣುವುದನ್ನು ನಾವು ನೋಡುತ್ತೇವೆ. ನಾವು ಉಣ್ಣುವುದನ್ನು ಮಗು ನೋಡುವುದೇ ಇಲ್ಲ.

ನೋಟದ ಈ ಮಹಿಮೆಯನ್ನು ಮನಶ್ಶಾಸ್ತ್ರಜ್ಞೆ ಲೀಆನ್ ಬರ್ಚ್ 1980ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಿಂದ ತೋರಿಸಿದಳು. ಶಿಶುವಿಹಾರದ ಮಕ್ಕಳಲ್ಲಿ ಒಂದು ತರಕಾರಿಯನ್ನು ಒಲ್ಲದ ಮಗುವನ್ನು, ಅದನ್ನೇ ಇಷ್ಟಪಡುವ ಮೂರು ನಾಲ್ಕು ಮಕ್ಕಳ ಜೊತೆಯಲ್ಲಿ ಕೆಲವು ದಿನ ಊಟಕ್ಕೆ ಕೂರಿಸಿದರು. ಯಾರೂ ಉಪದೇಶ ಮಾಡಲಿಲ್ಲ. ಒಲ್ಲದ ಮಗು ತಾನಾಗಿ ಆ ತರಕಾರಿಯತ್ತ ಒಲಿಯತೊಡಗಿತು. 1982ರಲ್ಲಿ ಆಕೆಯೇ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟಳು: ಹೊಸ ಆಹಾರದ ರುಚಿಯನ್ನು ಮಗು ಎಷ್ಟು ಹೆಚ್ಚು ಸಲ ನೋಡುತ್ತದೆಯೊ ಅಷ್ಟು ಅದರ ಮೇಲೆ ಒಲವು ಬೆಳೆಯುತ್ತದೆ, ಒಂದೆರಡು ಸಲ ಸಾಲದು, ಹತ್ತು ಹದಿನೈದು ಸಲವೂ ಬೇಕಾಗಬಹುದು. ನಾವು ಮೂರನೆಯ ಸಲಕ್ಕೇ "ನಮ್ಮ ಹುಡುಗಿಗೆ ಅದು ಸೇರುವುದಿಲ್ಲ" ಎಂದು ಷರಾ ಬರೆದುಬಿಡುತ್ತೇವೆ. 1984ರ ಇನ್ನೊಂದು ಅಧ್ಯಯನದಲ್ಲಿ ಬಹುಮಾನದ ಬಣ್ಣವೂ ಬಯಲಾಯಿತು. ಇದನ್ನು ಮುಗಿಸಿದರೆ ಬಹುಮಾನ ಎಂದು ಆಸೆ ತೋರಿಸಿ ಉಣಿಸಿದ ಆಹಾರದ ಮೇಲೆ ಮಕ್ಕಳ ಒಲವು ಕಡಿಮೆಯಾಗುತ್ತಿತ್ತು. ಲಂಚ ಕೊಟ್ಟು ಮಾಡಿಸುವ ಕೆಲಸ ಕೆಟ್ಟದ್ದೇ ಇರಬೇಕೆಂದು ಮಗುವೂ ಊಹಿಸುತ್ತದೆ!

ಜೊತೆಯಲ್ಲಿ ಕೂತು ಉಣ್ಣುವ ಈ ಮಾತನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಪಂಕ್ತಿ, ನಮ್ಮ ಕೈತುತ್ತು. ಪಂಕ್ತಿಯಲ್ಲಿ ಮಗುವಿಗೂ ಒಂದು ಎಲೆ. ತುದಿಯಲ್ಲಿ ಉಪ್ಪು, ಮಗ್ಗುಲಲ್ಲಿ ಕೋಸಂಬರಿ, ಪಲ್ಯ. ಎಲ್ಲರಿಗೂ ಬಡಿಸಿದ್ದು ಅದಕ್ಕೂ ಸ್ವಲ್ಪ ಸ್ವಲ್ಪ. ಬಡಿಸುವವರಿಗೆ ಮುಂದಿನ ಎಲೆಗೆ ಹೋಗುವ ಅವಸರ. ಮಗು ಪಲ್ಯ ಬಿಟ್ಟಿತೇ ಎಂದು ನೋಡುವಷ್ಟು ಪುರಸೊತ್ತು ಅವರಿಗಿಲ್ಲ. ಆ ಅಲಕ್ಷ್ಯವೇ ಒಂದು ಕೃಪೆ. ಕೈತುತ್ತಿನಲ್ಲಿ ಅಜ್ಜಿಯ ಸುತ್ತ ಐದಾರು ಮಕ್ಕಳ ವರ್ತುಲ. ಒಬ್ಬೊಬ್ಬರ ಅಂಗೈಗೂ ಸರದಿಯ ಮೇಲೆ ಒಂದೊಂದು ತುತ್ತು. ಅಜ್ಜಿ ತುತ್ತನ್ನು ಬಾಯಿಗೆ ತುರುಕುವುದಿಲ್ಲ, ಕೈಯಲ್ಲಿ ಇಡುತ್ತಾಳೆ. ಬಾಯಿಗೆ ಹಾಕಿಕೊಳ್ಳುವ ಕೆಲಸ ಮಗುವಿನದು. ಸಾಕಾದ ಮಗು ಕೈ ಹಿಂದಕ್ಕೆಳೆದುಕೊಂಡರೆ ತುತ್ತು ಪಕ್ಕದ ಮಗುವಿಗೆ.

ಆದರೆ ಹಳೆಯ ಪಂಕ್ತಿಯನ್ನು ಹೊಗಳುವಾಗ ನಾಲಗೆ ಸ್ವಲ್ಪ ತಡೆಯಬೇಕು. ಆ ಸಾಲು ಎಲ್ಲರಿಗೂ ತೆರೆದಿರಲಿಲ್ಲ. ಹೆಂಗಸರು ಉಂಡದ್ದು ಗಂಡಸರ ಎಲೆ ತೆಗೆದ ಮೇಲೆ. ಪಂಕ್ತಿಭೇದದಲ್ಲಿ ಹೊರಗುಳಿದ ಮಕ್ಕಳು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂರಲು ಬೇರೆ ಕಾಲವೇ ಬರಬೇಕಾಯಿತು. 1956ರಲ್ಲಿ ಮದರಾಸು ರಾಜ್ಯದಲ್ಲಿ ಕಾಮರಾಜರು ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ವ್ಯಾಪಕಗೊಳಿಸಿದರು. 1975ರ ಅಕ್ಟೋಬರ್ 2ರಂದು ಪ್ರಾರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಮೊದಲ ಕೇಂದ್ರಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಸೇರಿತ್ತು. ಅಂಗನವಾಡಿ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಮನೆಮಾತಾದದ್ದು ಅಲ್ಲಿಂದ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿತು. 2002ರಲ್ಲಿ ಕರ್ನಾಟಕದ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹ ಮುಂದೆ ನಾಡಿನಾದ್ಯಂತ ಹರಡಿತು. ಶರಣರ ದಾಸೋಹ ಎಂಬ ಮಾತನ್ನು ಅದಕ್ಕೆ ಇಟ್ಟದ್ದು ಔಚಿತ್ಯವಾಗಿದೆ. ಅಡುಗೆ ಮಾಡಿದವರು ಯಾರು ಎಂಬ ಕಾರಣಕ್ಕೆ ಮಕ್ಕಳನ್ನು ಎಬ್ಬಿಸಿಕೊಂಡು ಹೋದ ಪ್ರಸಂಗಗಳನ್ನೂ ಪತ್ರಿಕೆಗಳಲ್ಲಿ ಓದಿದ್ದೇವೆ. ಆ ಹಠ ಮಕ್ಕಳದಲ್ಲ, ಹಿರಿಯರದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. "ಸಾರ್, ಮನೇಲಿ ಸೊಪ್ಪು ಮುಟ್ಟೋದಿಲ್ಲ ಅಂತ ತಾಯಂದಿರು ಹೇಳುವ ಮಕ್ಕಳು ನಮ್ಮಲ್ಲಿ ಸಾಲಾಗಿ ಕೂತರೆ ತಟ್ಟೆ ಬಳಿದು ಉಣ್ತಾವೆ" ಎಂದಳು. "ನೀನು ಏನು ಮಾಡ್ತೀಯಮ್ಮ?" ಎಂದೆ. "ನಾನೇನೂ ಮಾಡೋದಿಲ್ಲ ಸಾರ್, ನಾನೂ ಅವರ ಜೊತೆಗೇ ಉಣ್ತೀನಿ" ಎಂದಳು.

1980ರ ದಶಕದಲ್ಲಿ ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಇವೆಲ್ಲವನ್ನೂ ಒಂದು ಸೂತ್ರವಾಗಿ ಹೆಣೆದಳು. ಏನು ಬಡಿಸಬೇಕು, ಯಾವಾಗ, ಎಲ್ಲಿ, ಇವು ಮೂರೂ ಹಿರಿಯರ ಹೊಣೆ. ಉಣ್ಣಬೇಕೆ, ಎಷ್ಟು ಉಣ್ಣಬೇಕು, ಇವೆರಡು ಮಗುವಿನ ಹೊಣೆ. ಒಬ್ಬರ ಹೊಣೆಯಲ್ಲಿ ಇನ್ನೊಬ್ಬರು ಕೈಹಾಕುವಂತಿಲ್ಲ. ಡೇವಿಸಳ ತಟ್ಟೆಯ ಗುಟ್ಟೂ ಇದೇ, ಅಜ್ಜಿಯ ಕೈತುತ್ತಿನ ಗುಟ್ಟೂ ಇದೇ. ನಾವು ಮಾಡುತ್ತಿರುವುದು ತಿರುವುಮುರುವು: ಏನು ಬೇಕೆಂದು ಮಗುವನ್ನು ಕೇಳಿ ಅದೇ ಮಾಡಿಕೊಡುತ್ತೇವೆ, ಎಷ್ಟು ಉಣ್ಣಬೇಕೆಂಬುದನ್ನು ಮಾತ್ರ ನಾವು ನಿರ್ಧರಿಸುತ್ತೇವೆ.

ಇಷ್ಟು ತಿಳಿದ ಮೇಲೆ ನಮ್ಮ ಮನೆಯಲ್ಲಿ ಕೆಲವು ಕಟ್ಟಳೆಗಳಾದುವು. ಮೊಬೈಲಿಗೆ ಊಟದ ಹೊತ್ತಿನಲ್ಲಿ ರಜೆ. ರಾತ್ರಿ ಎಂಟಕ್ಕೆ ನಾಲ್ವರೂ ನೆಲದ ಮೇಲೆ ಒಟ್ಟಿಗೆ ಕೂರುವುದು. ಅದಕ್ಕೆ ಎರಡು ಗಂಟೆ ಮುಂಚಿನಿಂದ ಬಿಸ್ಕತ್ತಿನ ಡಬ್ಬಕ್ಕೆ ಬೀಗ. ಮಾಡಿದ ಅಡುಗೆಯೆಲ್ಲ ಮಗಳ ತಟ್ಟೆಗೂ, ಆದರೆ ಅಡಕೆಯ ಗಾತ್ರದಷ್ಟು. ಅವಳಿಗೆ ಒಗ್ಗುವ ಮೊಸರು ಅಥವಾ ಅನ್ನ ಯಾವಾಗಲೂ ಜೊತೆಗಿರಬೇಕು, ಹಸಿದು ಏಳಬಾರದು. ಅವಳ ಕೈಯಿಂದಲೇ ಊಟ. ಅವಳ ತಟ್ಟೆಯ ವಿಷಯ ಯಾರೂ ಮಾತೆತ್ತಕೂಡದು. ಮಗುವಿನ ತೂಕ ಇಳಿಯುತ್ತಿದ್ದರೆ, ನುಂಗುವಾಗ ತೊಂದರೆಯಿದ್ದರೆ ವೈದ್ಯರಿಗೆ ತೋರಿಸಬೇಕು, ಅದು ಬೇರೆ ಮಾತು. ನಮ್ಮ ವೈದ್ಯರು ತೂಕ ನೋಡಿ, ಬೆಳವಣಿಗೆ ಸರಿಯಾಗಿದೆ ಎಂದಿದ್ದರು.

ಕೊನೆಯ ಕಟ್ಟಳೆಯೇ ಕಠಿಣವಾದದ್ದು. ಮೊದಲ ವಾರ ಅವಳು ಬರಿಯ ಮೊಸರನ್ನ ಉಂಡು ಎದ್ದಳು. ಅಮ್ಮನ ಬಾಯಿಂದ ಮಾತು ಹೊರಡುವುದನ್ನು ತಡೆಯಲು ನಾನು ಅವರಿಗೆ ಮತ್ತೆ ಮತ್ತೆ ಸಾರು ಬಡಿಸಬೇಕಾಯಿತು. "ಹೀಗೆ ಬಿಟ್ರೆ ಮಗು ಸೊರಗಿ ಹೋಗುತ್ತಪ್ಪ" ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡರು. ನನಗೂ ಧೈರ್ಯವಿರಲಿಲ್ಲ. ಆದರೆ ಅನ್ನ ಮೆತ್ತಿದ ನನ್ನ ಕೈಯನ್ನು ಅವಳು ನೋಡಿದ ಆ ನೋಟ ನೆನಪಾಗಿ ಸುಮ್ಮನಾಗುತ್ತಿದ್ದೆ. ಮೂರನೆಯ ವಾರ ಒಂದು ಸೌತೆಕಾಯಿ ಹೋಳು ಅವಳ ಬಾಯಿಗೆ ಹೋಯಿತು. ಒಂದು ತಿಂಗಳಾದ ಮೇಲೆ ನನ್ನ ಹಪ್ಪಳಕ್ಕೆ ಕೈಹಾಕಿ, ಹಾಗೆಯೇ ಪಲ್ಯದ ಒಂದು ಎಸಳನ್ನೂ ಎತ್ತಿಕೊಂಡಳು. ಗೋಕುಲದ ಕಥೆ ಸುಳ್ಳಲ್ಲ.

ಈಗ ಅವಳಿಗೆ ಆರು ವರ್ಷ. ಎಲ್ಲವನ್ನೂ ಉಣ್ಣುತ್ತಾಳೆಂದು ಹೇಳಿದರೆ ಸುಳ್ಳಾಗುತ್ತದೆ. ಮೊನ್ನೆ ಮನೆಯಲ್ಲಿ ಕುಂಬಳಕಾಯಿ ಹುಳಿ. ಅವಳು ಒಂದು ಹೋಳನ್ನು ನೆಕ್ಕಿ ನೋಡಿ, ಮುಖ ಕಿವಿಚಿ, ತಟ್ಟೆಯ ಅಂಚಿಗೆ ಇಟ್ಟಳು. ಅನ್ನಪ್ರಾಶನದ ದಿನದಂತೆ ನಮಗೆಲ್ಲ ನಗು ಬಂದಿತು. ಆಗ ಅಮ್ಮ ತಾತನವರ ಗುರುವಾರದ ಕಥೆ ಹೇಳಿದರು. ಮಗಳು ಗಮನವಿಟ್ಟು ಕೇಳಿ, "ಬೇಡ ಅಂತ ಅವರು ಆ ಮನೇಲಿ ಹೇಳಲೇ ಇಲ್ವಾ ಅಜ್ಜಿ?" ಎಂದಳು. "ಅದು ಅವರ ಮನೆಯಲ್ಲವಲ್ಲ ಮಗು" ಎಂದರು ಅಮ್ಮ.

ಬೇಡ ಎನ್ನುವ ಸ್ವಾತಂತ್ರ್ಯವಿರುವುದು ಸ್ವಂತ ಮನೆಯಲ್ಲಿ. ಆ ಸ್ವಾತಂತ್ರ್ಯ ಇರುವ ಮಗು ಇನ್ನೊಂದು ದಿನ ಬೇಕು ಎಂದೀತು. ಅಲ್ಲಿಯವರೆಗೆ ಕುಂಬಳಕಾಯಿ ಹುಳಿಯನ್ನು ಮಾಡುತ್ತಿರುವುದು, ಅಡಕೆಯಷ್ಟು ಬಡಿಸುವುದು, ಅವಳ ಪಕ್ಕದಲ್ಲಿ ಕೂತು ನಾವು ಉಣ್ಣುವುದು, ಇಷ್ಟು ನಮ್ಮ ಪಾಲಿನ ಕೆಲಸ.